ಹತ್ತು ಗಂಟೆಯ ಗಂಜಿ

ಮೊನ್ನೆ ಮಗ ಮೆಲ್ಕಾರಿನ ಅಂಗಡಿಯಿಂದ ಒಂದು ಪೊಟ್ಟಣ ಬಾಳೆಕಾಯಿ ಹಿಟ್ಟು ತಂದುಕೊಟ್ಟ. ಪೊಟ್ಟಣದ ಮೇಲೆ ದುಂಡುಕೆನ್ನೆಯ ಮಗುವಿನ ಚಿತ್ರವಿತ್ತು. ಹಲ್ಲು ಬಾರದವರಿಗೆ ಆಗುವುದು ಹಲ್ಲು ಹೋದವರಿಗೂ ಆದೀತೆಂದು ಅವನ ಅಂದಾಜು. ನಾನೇನೂ ಬೇಸರಿಸಲಿಲ್ಲ. ಕತ್ತರಿ ತಂದು ಅದರ ಮೂಲೆ ಕತ್ತರಿಸಿದೆ. ಒಣಗಿದ ಕಾಯಿಯ ಒಗರು ವಾಸನೆ ಮೂಗಿಗೆ ಬಂತು ನೋಡಿ, ನಾನು ತೋಡಾರಿನ ಮನೆಯ ಹಿಂದಿನ ಜಗಲಿಗೆ ಹೋಗಿಬಿಟ್ಟೆ. ಅಲ್ಲಿ ಚಾಪೆಯ ಮೇಲೆ ನೇಂದ್ರ ಬಾಳೆಕಾಯಿಯ ಬಿಲ್ಲೆಗಳು ಒಣಗುತ್ತಿದ್ದವು. ಪಕ್ಕದಲ್ಲಿ ಕೋಲು ಹಿಡಿದು ಕಾಗೆ ಓಡಿಸುತ್ತ ನಮ್ಮ ಅತ್ತೆ ಕೂತಿದ್ದರು.

ನಿಮಗೆ ಪುರುಸೊತ್ತಿದ್ದರೆ ಅವರ ವಿಷಯ ಹೇಳುತ್ತೇನೆ. ಆದರೆ ಇದು ಹೊಟ್ಟೆಯ ಕತೆ, ಅದರಲ್ಲೂ ಕೆಟ್ಟ ಹೊಟ್ಟೆಯ ಕತೆ. ಊಟಕ್ಕೆ ಹೊರಟಿದ್ದರೆ ಮೊದಲು ಅದನ್ನು ಮುಗಿಸಿ ಬನ್ನಿ.

ಹದಿನಾರು ತುಂಬುವಾಗ ನನಗೊಂದು ದೊಡ್ಡ ಜ್ವರ ಬಂತು. ಜ್ವರವೇನೋ ಬಿಟ್ಟಿತು, ಹೋಗುವಾಗ ಹೊಟ್ಟೆಯನ್ನು ಕೆಡಿಸಿಯೇ ಹೋಯಿತು. ಒಂದು ಹೊತ್ತು ಹೊಟ್ಟೆತುಂಬ ಉಂಡೆನೆಂದರೆ ತೊಳೆದ ಕೈ ಆರುವ ಮೊದಲೇ ಕರುಳು ಹಿಂಡಿ ಹಿತ್ತಿಲಿಗೆ ಓಡಬೇಕು. ನನ್ನ ತವರೂರು ನಾರಾವಿಯ ಪಂಡಿತರು ಇದು ಗ್ರಹಣಿ ಎಂದರು. ಕಷಾಯ ಕೊಟ್ಟರು, ಮಜ್ಜಿಗೆ ಕುಡಿಸಿದರು. ಸ್ವಲ್ಪ ಹಿಡಿತಕ್ಕೆ ಬಂತೇ ಹೊರತು ಪೂರ್ತಿ ಹೋಗಲಿಲ್ಲ. ಕೊನೆಗೆ ನಾನೇ ಒಂದು ಮದ್ದು ಕಂಡುಕೊಂಡೆ: ತಿನ್ನದೇ ಇರುವುದು. ತಿಂದರೆ ತಾನೇ ತೊಂದರೆ? ಮದುವೆಮನೆಯ ಪಂಕ್ತಿಯಲ್ಲಿ ಕೂತು, ಎಲೆಯ ಮೇಲಿನ ಅನ್ನವನ್ನು ಆ ಬದಿಗೆ ಈ ಬದಿಗೆ ಸರಿಸಿ, ಉಂಡವಳಂತೆ ಎದ್ದು ಬರುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಬೆಳ್ತಂಗಡಿ ತಾಲೂಕಿನಲ್ಲಿ ಇದ್ದಿರಲಿಕ್ಕಿಲ್ಲ. ಬಸ್ಸು ಹತ್ತುವ ದಿನವಂತೂ ನೀರೂ ಇಲ್ಲ. ನಾರಾವಿಯಿಂದ ಮೂಡುಬಿದಿರೆಗೆ ಬರುವ ದಾರಿಯಲ್ಲಿ ಬೇರೆಯವರು ಗುಡ್ಡ, ಗದ್ದೆ ನೋಡುತ್ತಿದ್ದರೆ ನಾನು ಮರೆಗೆ ತಕ್ಕ ಪೊದೆಗಳನ್ನು ಗುರುತು ಮಾಡಿಕೊಳ್ಳುತ್ತಿದ್ದೆ.

ಹೀಗೆ ತಿನ್ನದಿರುವುದರಲ್ಲಿ ಪಳಗಿದವಳನ್ನು ತೋಡಾರಿನ ಮನೆಗೆ ಮದುವೆ ಮಾಡಿ ಕೊಟ್ಟರು. ಅಲ್ಲಿ ನನ್ನ ವಿದ್ಯೆಗೆ ಒಳ್ಳೆಯ ಅನುಕೂಲವಿತ್ತು. ಗಂಡ ಬಂಟ್ವಾಳದ ಕಡೆ ಒಂದು ಶಾಲೆಯಲ್ಲಿ ಮಾಸ್ಟರು, ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುವವರು. ಮನೆತನ ಹೆಣ್ಣಿನ ಕಡೆಯಿಂದ ಸಾಗುವ ನಮ್ಮ ಅಳಿಯಸಂತಾನ ಕಟ್ಟಿನಂತೆ ಮನೆಯ ಆಡಳಿತ ಅತ್ತೆಯ ಅಣ್ಣನ ಕೈಯಲ್ಲಿತ್ತು. ಅವರನ್ನು ಎಲ್ಲರೂ ಯಜಮಾನರು ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಅವರ ಕಾಫಿಯಾದ ಮೇಲೆ ಹೆಂಗಸರು ನಿಂತುಕೊಂಡೇ ಒಂದಿಷ್ಟು ತಂಗಳನ್ನ ತಿನ್ನುವುದು. ಆಮೇಲೆ ಯಜಮಾನರು ಗದ್ದೆಯಿಂದ ಬಂದು, ಮಿಂದು, ಉಂಡು, ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುವ ತನಕ ಅಡುಗೆಮನೆಯಲ್ಲಿ ಯಾರೂ ತಟ್ಟೆಗೆ ಕೈ ಹಾಕುವಂತಿಲ್ಲ. ನಮ್ಮ ಸರದಿ ಬರುವಾಗ ಹೊತ್ತು ಇಳಿದಿರುತ್ತಿತ್ತು. ಇದನ್ನು ಯಾರೂ ಶಾಸನವೆಂದು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಆ ಮನೆಯಲ್ಲಿ ನಾನು ಎಷ್ಟು ಉಣ್ಣುತ್ತೇನೆಂದು ನೋಡುವವರೇ ಇರಲಿಲ್ಲ. ನನಗೂ ಅದೇ ಸುಖವಾಗಿತ್ತು.

ಮೊದಲನೆಯ ಬಸಿರು ಐದನೆಯ ತಿಂಗಳಲ್ಲಿ ಹೋಯಿತು. ಅದಕ್ಕೂ ನನ್ನ ಊಟಕ್ಕೂ ಸಂಬಂಧವಿತ್ತೋ ಇಲ್ಲವೋ, ಇವತ್ತಿಗೂ ಯಾರೂ ಖಚಿತವಾಗಿ ಹೇಳಿಲ್ಲ. ಆ ದಿನಗಳ ಬಗ್ಗೆ ಹೆಚ್ಚು ಬರೆಯಲು ನನಗೆ ಇಷ್ಟವಿಲ್ಲ. ಒಂದು ಮಾತ್ರ ಹೇಳುತ್ತೇನೆ. ಗೋಡೆಗೆ ಮುಖ ಮಾಡಿ ಮಲಗಿದ್ದಾಗ, ಇನ್ನೊಮ್ಮೆ ಹೀಗಾದರೆ ಅದು ನನ್ನ ಹೊಟ್ಟೆಯಿಂದಾಗಿ ಆಗಬಾರದು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಅರುವತ್ತರ ದಶಕದ ಆರಂಭದಲ್ಲಿ ಮತ್ತೆ ಬಸಿರು ನಿಂತಿತು. ಈ ಸಲ ಅತ್ತೆಯೇ ನನ್ನನ್ನು ಮೂಡುಬಿದಿರೆಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಅತ್ತೆ ಮಿತಭಾಷಿ. ಮನೆಯಲ್ಲಿ ದಿನಕ್ಕೆ ಅವರ ಬಾಯಿಂದ ಬೀಳುವ ಮಾತು ಒಂದು ಚಿಟಿಕೆ ಅಕ್ಕಿಯ ಕಾಳಿಗಿಂತ ಕಡಿಮೆ. ಡಾಕ್ಟರಮ್ಮ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದರು, ತೂಕ ನೋಡಿದರು, ಮತ್ತೊಮ್ಮೆ ತೂಕ ನೋಡಿದರು.

"ಬೆಳಿಗ್ಗೆ ಏನು ತಿಂದಿದ್ದೀರಿ?"

"ಬಸ್ಸಲ್ಲಿ ಬರ್ಲಿಕ್ಕಿತ್ತಲ್ಲ ಡಾಕ್ಟ್ರೇ, ಏನೂ ತಿನ್ಲಿಲ್ಲ."

"ನಿನ್ನೆ?"

"ಎರಡು ತುತ್ತು."

ನಾನು ನನ್ನ ಹೊಟ್ಟೆಯ ಪುರಾಣವನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ, "ಒಮ್ಮೆಗೇ ತುಂಬಿಸಿದ್ರೆ ನಿಮ್ಮ ಹೊಟ್ಟೆ ಇಟ್ಟುಕೊಳ್ಳುವುದಿಲ್ಲ. ಸರಿ. ಸ್ವಲ್ಪ ಸ್ವಲ್ಪ ಕೊಡಿ, ಎರಡೆರಡು ಗಂಟೆಗೆ ಕೊಡಿ. ಯಾವುದು ಒಗ್ಗುತ್ತದೆ ನೋಡಿ ಅದನ್ನು ತಿನ್ನಿ, ಒಗ್ಗದ್ದನ್ನು ಬಿಡಿ. ಸೂಜಿ ನಾನು ಕೊಡ್ತೇನೆ. ಆದರೆ ನನ್ನ ಸೂಜಿ ಊಟ ಅಲ್ಲ. ನೀವು ಹೀಗೇ ಒಣಗಿದ್ರೆ ಮಗು ಎಲ್ಲಿಂದ ತೆಗೆದುಕೊಳ್ಳಬೇಕು?" ಎಂದರು.

ಅಲ್ಲಿಯತನಕ ಗೋಡೆಗೆ ಒರಗಿ ನಿಂತಿದ್ದ ಅತ್ತೆ ಕೇಳಿದರು: "ಎರಡೆರಡು ಗಂಟೆಗೆ ಅಂದ್ರೆ... ಮಧ್ಯಾಹ್ನದ ಊಟಕ್ಕಿಂತ ಮೊದಲೇ?"

"ಮೊದಲೂ ಬೇಕು, ಮತ್ತೆಯೂ ಬೇಕು. ಯಾಕೆ, ಮನೆಯಲ್ಲಿ ಅಕ್ಕಿ ಇಲ್ವಾ?"

ಅತ್ತೆಯ ಮುಖ ಕೆಂಪಾಯಿತು. "ಅಕ್ಕಿ ಉಂಟು," ಎಂದರು.

ಬಸ್ಸಿನಲ್ಲಿ ಅವರು ಒಂದೇ ಒಂದು ಮಾತನ್ನಾಡಿದರು, ಅದೂ ಕಿಟಕಿಯ ಕಡೆ ನೋಡುತ್ತ: "ಅಕ್ಕಿ ಇಲ್ವಾ ಅಂತ ಕೇಳಿದ್ರಲ್ಲ!"

ಮರುದಿನ ನಾನು ಹಿಂದಿನ ಜಗಲಿಯಲ್ಲಿ ತರಕಾರಿ ಹೆಚ್ಚುತ್ತಿದ್ದೆ. ಹತ್ತು ಗಂಟೆಯ ಹೊತ್ತು. ಅತ್ತೆ ಎರಡು ಬಟ್ಟಲು ತಂದು ನೆಲದ ಮೇಲಿಟ್ಟರು. ಕುಚ್ಚಲಕ್ಕಿಯನ್ನು ಬೆಣ್ಣೆಯಂತೆ ಬೇಯಿಸಿ, ಉಪ್ಪು ಹಾಕಿದ ಗಂಜಿ. ಒಲೆಯ ಮೇಲೆ ಮಧ್ಯಾಹ್ನದ ಅನ್ನ ಇನ್ನೂ ಬೆಂದಿರಲಿಲ್ಲ. ಇದನ್ನು ಬೇರೆಯೇ ಪಾತ್ರೆಯಲ್ಲಿ ಇಟ್ಟಿದ್ದರು. ನಾವು ಆಡುತ್ತಿದ್ದದ್ದು ತುಳು, ಇಲ್ಲಿ ಕನ್ನಡ ಮಾಡಿ ಹೇಳುತ್ತೇನೆ.

"ಕೂತುಕೋ," ಎಂದರು.

"ಅತ್ತೆ, ಯಜಮಾನರ ಊಟ ಆಗ್ಲಿಲ್ಲ."

"ಯಜಮಾನರ ಹೊಟ್ಟೆಯಲ್ಲಿ ಮಗು ಇಲ್ಲ."

"ಎರಡು ಬಟ್ಟಲು ಯಾಕೆ?"

"ನೀನು ಒಬ್ಬಳೇ ತಿಂದ್ರೆ ಸೊಸೆ ಕದ್ದು ತಿಂತಾಳೆ ಅಂತಾರೆ. ನಾನೂ ತಿಂದ್ರೆ ಯಾರು ಏನು ಹೇಳ್ತಾರೆ ನೋಡುವ."

ಒಂದು ಬಟ್ಟಲು ಗಂಜಿ ಕುಡಿದ ಮಾತ್ರಕ್ಕೆ ಎಲ್ಲವೂ ಸರಿಯಾಯಿತೆಂದು ತಿಳಿಯಬೇಡಿ. ಹೊಟ್ಟೆ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಹಾಲು ಕುಡಿದ ದಿನ ಅದು ನನ್ನನ್ನು ಸಂಜೆಯತನಕ ಓಡಿಸಿತು. ಉದ್ದಿನ ದೋಸೆ ಆಗಲಿಲ್ಲ. ಗಂಡ ಬಂಟ್ವಾಳ ಪೇಟೆಯಿಂದ ಪ್ರೀತಿಯಿಂದ ತಂದ, ಶಕ್ತಿ ಬರುವುದೆಂಬ ಹುಡಿಯ ಡಬ್ಬವೂ ಆಗಲಿಲ್ಲ. ಅದನ್ನು ಅವರೇ ಶನಿವಾರ, ಆದಿತ್ಯವಾರ ಹಾಲಿಗೆ ಹಾಕಿ ಕುಡಿದು, ನನ್ನ ಬಸಿರಿನಲ್ಲಿ ಸ್ವಲ್ಪ ದಪ್ಪಗಾದರು. ಗಂಜಿ ಹೊಟ್ಟೆಯಲ್ಲಿ ನಿಂತಿತು. ಬೆಣ್ಣೆ ತೆಗೆದ ಮಜ್ಜಿಗೆ ನಿಂತಿತು. ನೇಂದ್ರ ಬಾಳೆಕಾಯಿಯನ್ನು ಒಣಗಿಸಿ, ಹುಡಿ ಮಾಡಿ, ಕಾಸಿದ ಸರಿ, ಎಂದರೆ ಹಿಟ್ಟಿನ ಅಂಬಲಿ, ಬಹಳ ಚೆನ್ನಾಗಿ ನಿಂತಿತು. ಖಾರ ಹಾಕದೆ ಬೇಯಿಸಿದ ನಂಗ್ ಮೀನು, ಅರೆಬೆಂದ ಮೊಟ್ಟೆ, ಇವು ಮೊದಲೆರಡು ಸಲ ಕಾಟ ಕೊಟ್ಟು ಆಮೇಲೆ ಒಗ್ಗಿಕೊಂಡವು. ಕೆಲವು ದಿನ ತಿಂದದ್ದೆಲ್ಲ ಹೋಗುತ್ತಿತ್ತು. ಹಿತ್ತಿಲಿನಿಂದ ಕಾಲೆಳೆದುಕೊಂಡು ಬಂದು ಬಾವಿಕಟ್ಟೆಯ ಮೇಲೆ ಕೂತು ಅಳುತ್ತಿದ್ದೆ. ಅತ್ತೆ ಸಮಾಧಾನ ಹೇಳುವವರಲ್ಲ. ಮುಖ ತೊಳೆಯಲು ನೀರು ಸೇದಿ ಕೊಡುತ್ತಿದ್ದರು. "ಹೋದದ್ದು ಹೋಯ್ತು. ಪುನಃ ಸ್ವಲ್ಪ ತಿನ್ನು," ಎನ್ನುತ್ತಿದ್ದರು.

ನಾನು ತಿನ್ನುತ್ತಿದ್ದೆ. ಹಸಿವಿಲ್ಲದೆ ತಿಂದೆ, ಹೆದರಿ ಹೆದರಿ ತಿಂದೆ, ವಾಕರಿಕೆ ಬಂದಾಗ ನಿಲ್ಲಿಸಿ, ಅದು ಇಳಿದ ಮೇಲೆ ಉಳಿದದ್ದನ್ನು ತಿಂದೆ. ನಾನು ಜೀವಮಾನದಲ್ಲಿ ಯಾವ ಕೆಲಸವನ್ನೂ ಅಷ್ಟು ಛಲದಿಂದ ಮಾಡಿಲ್ಲ. ಬೇರೆಯವರಿಗೆ ಅದು ಕೆಲಸದ ಹಾಗೆಯೂ ಕಾಣಿಸಿರಲಿಕ್ಕಿಲ್ಲ, ಒಬ್ಬಳು ಹೆಂಗಸು ಜಗಲಿಯಲ್ಲಿ ಕೂತು ಗಂಜಿ ಕುಡಿಯುತ್ತಿದ್ದಾಳೆ, ಅಷ್ಟೆ.

ಯಜಮಾನರಿಗಂತೂ ಹಾಗೆಯೇ ಕಂಡಿತು. ಒಂದು ದಿನ ಹಾರೆಯೋ ಏನೋ ಬೇಕೆಂದು ಗದ್ದೆಯಿಂದ ನಡುವೆಯೇ ಬಂದವರು ಹಿಂದಿನ ಜಗಲಿಗೆ ತಿರುಗಿದರು. ಅತ್ತೆ ಸೊಸೆ ಇಬ್ಬರೂ ಬಟ್ಟಲು ಹಿಡಿದು ಕೂತಿದ್ದೇವೆ. ನನ್ನ ಬಾಯಲ್ಲಿ ತುತ್ತು.

"ಈ ಮನೆಯಲ್ಲಿ ಹೆಂಗಸರು ಗಂಡಸರಿಗಿಂತ ಮೊದಲು ಉಣ್ಣುವುದು ಯಾವಾಗಿಂದ?" ಎಂದರು. ಜೋರಾಗಿ ಹೇಳಲಿಲ್ಲ. ಅವರು ಜೋರಾಗಿ ಹೇಳದಿದ್ದಾಗಲೇ ನಮಗೆ ಹೆಚ್ಚು ಹೆದರಿಕೆ.

"ಡಾಕ್ಟರು ಹೇಳಿದ ದಿನದಿಂದ, ಅಣ್ಣ," ಎಂದರು ಅತ್ತೆ.

"ಡಾಕ್ಟರು ಇವಳಿಗೆ ಹೇಳಿದ್ದು. ನಿನಗೆ ಯಾರು ಹೇಳಿದ್ದು?"

ಅತ್ತೆ ಅಣ್ಣನೆದುರು ಅಷ್ಟು ಮಾತನಾಡಿದ್ದೇ ಮೊದಲು. ಬಟ್ಟಲು ಹಿಡಿದ ಅವರ ಕೈ ಕೆಳಗಿಳಿಯುವುದನ್ನು ಕಂಡೆ. ಯಜಮಾನರು ಬಂದಾಗ ಎದ್ದು ನಿಲ್ಲಬೇಕು, ಅದು ಕ್ರಮ. ನನ್ನ ಕಾಲುಗಳು ಆಗಲೇ ಅರ್ಧ ಎದ್ದಿದ್ದವು. ಆದರೆ ಎದ್ದರೆ ಆ ಬಟ್ಟಲು ಅಲ್ಲಿಗೇ ಮುಗಿಯುತ್ತದೆ, ನಾಳೆಯದೂ ಮುಗಿಯುತ್ತದೆ ಎಂದು ತಿಳಿಯಿತು. ಬಾಯಲ್ಲಿದ್ದದ್ದನ್ನು ನುಂಗಿದೆ. ಪುನಃ ಕೂತೆ.

"ನಾನೇ ಹೇಳಿದ್ದು ಮಾವ," ಎಂದೆ. "ಒಬ್ಬಳಿಗೇ ತುತ್ತು ಇಳಿಯುವುದಿಲ್ಲ. ಅತ್ತೆ ಜೊತೆಗೆ ಕೂತ್ರೆ ಇಳಿಯುತ್ತದೆ. ಈ ಮಗುವನ್ನೂ ಕಳಕೊಳ್ಳಲಿಕ್ಕೆ ನನಗೆ ಆಗ್ಲಿಕ್ಕಿಲ್ಲ." ಇಷ್ಟು ಹೇಳಿ ಇನ್ನೊಂದು ತುತ್ತು ಬಾಯಿಗಿಟ್ಟೆ.

ಯಜಮಾನರು ಬಂದದ್ದು ಏತಕ್ಕೆಂಬುದನ್ನೂ ಮರೆತು ಬರಿಗೈಯಲ್ಲಿ ಗದ್ದೆಗೆ ಹೋದರು. ಆಮೇಲೆ ಕೆಲವು ದಿನ ಮನೆಯಲ್ಲಿ ಗಾಳಿಯೇ ಆಡಲಿಲ್ಲ. ನಾವು ಮಾತ್ರ ಹತ್ತು ಗಂಟೆಗೆ ಕೂರುವುದನ್ನು ಬಿಡಲಿಲ್ಲ. ಕೊನೆಗೊಂದು ಬೆಳಿಗ್ಗೆ ಯಜಮಾನರು ಕಾಫಿ ಲೋಟ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ, "ಇನ್ನು ಮೇಲೆ ನನಗೂ ಒಂಬತ್ತೂವರೆಗೆ ಒಂದು ಬಟ್ಟಲು ಗಂಜಿ ಇಡಿ. ನಾನು ಉಂಡು ಹೋದ ಮೇಲೆ ನೀವು ಉಣ್ಣಿ," ಎಂದರು. ಅಲ್ಲಿಗೆ ಮನೆಯ ಕ್ರಮವೂ ಉಳಿಯಿತು, ನನ್ನ ಗಂಜಿಯೂ ಉಳಿಯಿತು. ದಿನವೂ ಗದ್ದೆಯಿಂದ ಬಂದು, ಬೇಡವಾದ ಗಂಜಿಯನ್ನು ಗಂಭೀರವಾಗಿ ಕುಡಿದು ಹೋಗುತ್ತಿದ್ದ ಆ ಮನುಷ್ಯನನ್ನು ನೆನೆದರೆ ನನಗೆ ಈಗ ನಗು ಬರುತ್ತದೆ, ಗೌರವವೂ ಬರುತ್ತದೆ. ಸೋತೆನೆಂದು ಹೇಳುವುದಕ್ಕಿಂತ ಅವರಿಗೆ ಅದು ಸುಲಭವಾಗಿತ್ತು.

ಏಳನೆಯ ತಿಂಗಳಲ್ಲಿ ಬಯಕೆಯ ಊಟ ಮಾಡಿದರು. ಬಸುರಿಯ ಮುಂದೆ ದೊಡ್ಡ ಎಲೆ ಹಾಕಿ, ಹೋಳಿಗೆ, ಪಾಯಸ, ಕರಿದ ತಿಂಡಿ, ಕೋಳಿ ಪದಾರ್ಥ ಎಲ್ಲ ಬಡಿಸುವ ಸಂಭ್ರಮ. ಸುತ್ತ ನೆಂಟರ ಹೆಂಗಸರು. ಹಿಂದಿನ ನಾನಾಗಿದ್ದರೆ ಎಲೆಯ ಮೇಲೆ ಸರಿಸಾಡಿ ತಿಂದಂತೆ ನಟಿಸುತ್ತಿದ್ದೆ. ಆದರೆ ಇಷ್ಟು ತಿಂಗಳು ನಿಜವಾಗಿ ತಿಂದವಳಿಗೆ ನಟಿಸಲು ನಾಚಿಕೆಯಾಯಿತು.

"ಎಲ್ಲದರಲ್ಲಿ ಸ್ವಲ್ಪ ಸ್ವಲ್ಪವಾದ್ರೂ ತಿನ್ಬೇಕು ಮಾರಾಯ್ತಿ, ಇಲ್ಲದಿದ್ರೆ ಮಗುವಿನ ಕಿವಿ ಸೋರುತ್ತದೆ," ಎಂದರು ಒಬ್ಬರು ಚಿಕ್ಕಮ್ಮ.

"ಇದನ್ನೆಲ್ಲ ತಿಂದ್ರೆ ನಾನೇ ಸೋರುತ್ತೇನೆ ಚಿಕ್ಕಮ್ಮ," ಎಂದೆ. "ನನ್ನ ಬಯಕೆ ಗಂಜಿ ಮತ್ತು ನಂಗ್ ಮೀನು. ಅದನ್ನು ಬಡಿಸಿ, ನಿಮ್ಮೆದುರೇ ಎರಡು ಸಲ ಹಾಕಿಸಿಕೊಂಡು ಉಣ್ತೇನೆ."

ಚಾವಡಿಯಲ್ಲಿ ನಗುವೋ ನಗು. ನಾನು ಮಾತಿನಂತೆ ಉಂಡೆ. ಹೋಳಿಗೆಗಳು ಚಿಕ್ಕಮ್ಮಂದಿರ ಪಾಲಾದವು.

ಹೆಣ್ಣುಮಗು ಹುಟ್ಟಿತು. ಡಾಕ್ಟರಮ್ಮ ಅಂಗೈಯಲ್ಲಿ ಎತ್ತಿ ನೋಡಿ, "ಸಣ್ಣದು. ಆದರೆ ಗಟ್ಟಿ ಉಂಟು," ಎಂದರು. ಅದು ಆಸ್ಪತ್ರೆಯ ಗೋಡೆಗಳು ಅದುರುವಂತೆ ಹಾಲಿಗಾಗಿ ಕೂಗುತ್ತಿತ್ತು. ಹಸಿವನ್ನು ಹಾಗೆ ಬಾಯಿಬಿಟ್ಟು ಹೇಳುವ ಹೆಣ್ಣನ್ನು ನಾನು ನೋಡಿದ್ದು ಅದೇ ಮೊದಲು. ಅತ್ತೆ ಬಾಗಿಲ ಬಳಿ ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು, "ನೀನು ಏನಾದ್ರೂ ತಿಂದ್ಯಾ?" ಎಂದು ನನ್ನನ್ನು ಕೇಳಿದರು.

ಬಾಣಂತನಕ್ಕೆ ನಾರಾವಿಗೆ ಹೋಗಿ, ಮಗುವಿನೊಂದಿಗೆ ತೋಡಾರಿಗೆ ಹಿಂದಿರುಗುವಾಗ ಕೆಲವು ತಿಂಗಳುಗಳೇ ಕಳೆದಿದ್ದವು. ಬಂದ ಮರುದಿನ ಹಿಂದಿನ ಜಗಲಿಗೆ ಹೋದೆ. ಅತ್ತೆ ಒಬ್ಬರೇ ಕೂತು ಗಂಜಿ ಉಣ್ಣುತ್ತಿದ್ದರು. ನಾನಿಲ್ಲದ ಅಷ್ಟು ದಿನವೂ ಅದು ನಿಂತಿರಲಿಲ್ಲವಂತೆ. ಅಭ್ಯಾಸವಾಗಿಬಿಟ್ಟಿದೆ ಎಂದುಕೊಂಡೆ, ಮಗುವನ್ನೆತ್ತಿಕೊಂಡು ಒಳಗೆ ಹೋದೆ. ಆಮೇಲೆ ಅವರು ತೀರಿಕೊಳ್ಳುವ ತನಕವೂ ಹತ್ತು ಗಂಟೆಯ ಗಂಜಿ ತಪ್ಪಲಿಲ್ಲ. ನನಗಾಗಿ ಶುರು ಮಾಡಿದ್ದನ್ನು ಎಷ್ಟು ನಿಷ್ಠೆಯಿಂದ ನಡೆಸುತ್ತಾರೆ ಎಂದು ಕಂಡವರಿಗೆಲ್ಲ ಹೇಳುತ್ತಿದ್ದೆ.

ಮೊನ್ನೆ ಆ ಪೊಟ್ಟಣದ ಹಿಟ್ಟಿನ ಸರಿಯನ್ನು ಕಲಕುತ್ತ ನಿಂತಾಗ ಅವರು ಬಟ್ಟಲಿನ ತಳವನ್ನು ಬೆರಳಿನಿಂದ ಸುತ್ತಿ ಸುತ್ತಿ ಒರೆಸಿ ನೆಕ್ಕುತ್ತಿದ್ದದ್ದು ಕಣ್ಣಿಗೆ ಬಂತು. ಕೋಳಿ ಕೂಗುವಾಗ ಎದ್ದು, ಕೊಟ್ಟಿಗೆ, ಬಾವಿ, ಒಲೆ ಎಂದು ಸುತ್ತಿ, ಹೊತ್ತು ಇಳಿಯುವ ತನಕ ಕಾದು ಉಣ್ಣುತ್ತಿದ್ದ ಹೆಂಗಸು. ಹಾಗೆ ಎಷ್ಟು ವರ್ಷ! ನನಗೆ ಜೊತೆ ಕೊಡಲು ಅವರು ಉಂಡರು ಎಂದು ಇಷ್ಟು ಕಾಲ ನಂಬಿದ್ದೆ. ಜೊತೆ ಕೊಟ್ಟದ್ದೂ ನಿಜವೇ. ಆದರೆ ಅತ್ತೆಗೆ ಹಸಿವಾಗುತ್ತಿತ್ತು. ನನ್ನದು ಹಾಳಾದ ಹೊಟ್ಟೆ, ಅವರದು ಗಟ್ಟಿಮುಟ್ಟಾದ ಹೊಟ್ಟೆ. ಆ ಮನೆಯಲ್ಲಿ ಎರಡಕ್ಕೂ ಊಟದ ಹೊತ್ತು ಇರಲಿಲ್ಲ.

ನನ್ನ ಸೊಸೆ ಪಕ್ಕದಲ್ಲಿ ಮಧ್ಯಾಹ್ನದ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಈ ಮನೆಯಲ್ಲಿ ಯಾರು ಮೊದಲು, ಯಾರು ಮತ್ತೆ ಎಂಬ ಕಟ್ಟಳೆ ಇಲ್ಲ. ಆದರೂ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು ಅವಳೇ. ಒಲೆ ಸಣ್ಣ ಮಾಡಿ, "ನಿನಗೆ ನಿಜವಾಗಿ ಹಸಿವಾಗುವುದು ಎಷ್ಟು ಹೊತ್ತಿಗೆ?" ಎಂದು ಕೇಳಿದೆ.

ಸೌಟು ಹಿಡಿದುಕೊಂಡೇ ಅವಳು ಸ್ವಲ್ಪ ಯೋಚಿಸಿದಳು. "ಗೊತ್ತಿಲ್ಲ ಅತ್ತೆ," ಎಂದಳು.

"ಹಾಗಾದ್ರೆ ತಟ್ಟೆ ತೆಗೆದುಕೋ," ಎಂದೆ. "ಈಗಲೇ ಕೂತು ನೋಡುವ."