ಲೋಕ ಮುಗಿದ ಮೇಲಿನ ಆಲೂಗಡ್ಡೆ

ಎರಡನೇ ಮಹಾಯುದ್ಧದ ಆ ದಿನಗಳಲ್ಲಿ ನಮ್ಮ ಹಲಸೂರಿನ ಮನೆಯ ಬೆಳಗು ಕೊತ್ತಂಬರಿ ಸೊಪ್ಪಿನ ವಾಸನೆಯಿಂದಲೇ ಶುರುವಾಗುತ್ತಿತ್ತು. ಆ ಶನಿವಾರವೂ ಅಷ್ಟೇ. ಅಜ್ಜಿ ನಡುಮನೆಯಲ್ಲಿ ಸೊಪ್ಪು ಕಟ್ಟುತ್ತಿದ್ದರು. ತಾತ ನಮ್ಮ ತೋಟದಲ್ಲಿ ಬೆಳೆದ, ಕುಕ್ ಟೌನಿನ ಬಿಳಿಯರ ಬಂಗಲೆಗಳಿಗೆ ಹೋಗಬೇಕಾದ ಟರ್ನಿಪ್ಪು, ಸೆಲರಿಗಳನ್ನು ಗಾಡಿಗೆ ಹೇರುತ್ತಿದ್ದರು. ಆ ಸೆಲರಿ ಸೊಪ್ಪನ್ನು ನಮ್ಮ ಮನೆಯಲ್ಲಿ ಒಬ್ಬರೂ ಬಾಯಿಗಿಟ್ಟವರಲ್ಲ. ಎತ್ತು ಕೂಡ ಮೂಸಿ ಮುಖ ತಿರುಗಿಸುತ್ತಿತ್ತು. ನಾನು ರಾಗಿರೊಟ್ಟಿಗೆ ಬೆಣ್ಣೆ ಸವರಿಕೊಳ್ಳುತ್ತಾ, ಕಾನ್ವೆಂಟಿನಿಂದ ತಂದ ಇಂಗ್ಲಿಷ್ ಕಾದಂಬರಿ ಮುಗಿಸುತ್ತಿದ್ದೆ. ಧೂಮಕೇತು ಬಡಿದು ಲೋಕವೆಲ್ಲ ಸುಟ್ಟುಹೋದ ಮೇಲೆ ಉಳಿದ ಒಬ್ಬ ಮೇಷ್ಟರು, ಒಬ್ಬ ಹೊಲಿಗೆಯವಳ ಕಥೆ ಅದು.

“ಓದಿದ್ದು ಸಾಕು, ಸೊಪ್ಪು ಕಟ್ಟೋಕೆ ಕೈ ಬೇಕು” ಎಂದು ತಾತ ಬಹಳ ದಿನಗಳಿಂದ ಗೊಣಗುತ್ತಿದ್ದರು. ಅದೇ ಕಾದಂಬರಿಯ ಸಿನಿಮಾ ದಂಡು ಪ್ರದೇಶದ ಟಾಕೀಸಿಗೆ ಬಂದಿದೆ ಎಂದು ನಾನು ಬಾಯಿಬಿಟ್ಟದ್ದೇ ತಡ, ಪರೀಕ್ಷೆ ಇಟ್ಟೇಬಿಟ್ಟರು.

“ಮಧ್ಯಾಹ್ನ ಹೋಗಾಣ. ಅವ್ರು ಆಡೋ ಮಾತು ನಂಗೆ ಕನ್ನಡದಲ್ಲಿ ಹೇಳು. ಹೇಳಿದ್ರೆ ಸ್ಕೂಲು. ಇಲ್ದಿದ್ರೆ ಸೋಮವಾರದಿಂದ ಅಜ್ಜಿ ಪಕ್ಕ ಕೂತ್ಕೊ.”

ಟಾಕೀಸಿನ ಬೆಂಚುಗಳ ನಡುವೆ ಬೀಡಿ, ಹುರಿಗಡಲೆಯ ವಾಸನೆ. ದೀಪ ಆರಿತು. ನಮ್ಮ ಸಿಸ್ಟರುಗಳ ಇಂಗ್ಲಿಷು ಪ್ರಾರ್ಥನೆಯ ಹಾಗೆ ಬಿಡಿಬಿಡಿಯಾಗಿರುತ್ತಿತ್ತು. ಪರದೆಯ ಮೇಲಿನವರೋ ಮೂಗಿನಲ್ಲಿ, ಓಡೋಡುತ್ತಾ ಮಾತಾಡಿದರು. ಒಂದಕ್ಷರ ಸಿಗಲಿಲ್ಲ. ಪುಸ್ತಕದಲ್ಲಿದ್ದುದನ್ನೇ ಹೇಳತೊಡಗಿದೆ. ಹಿಂದಿನ ಬೆಂಚಿನವರೂ ಮುಂದಕ್ಕೆ ಬಾಗಿ ಕೇಳಿಸಿಕೊಂಡರು.

“ಈಗ ಮೇಷ್ಟ್ರ ಕಾಲು ಮುರಿಯತ್ತೆ, ತಾತ” ಎಂದೆ. ಮೇಷ್ಟರು ಎದ್ದು ಹೊಲಿಗೆಯವಳ ಸೊಂಟ ಹಿಡಿದು ಕುಣಿದರು.

“ಕಾಲು ಮುರಿದೋನು ಕುಣೀತಾವ್ನಲ್ಲವ್ವ! ನೀನ್ ಹೇಳ್ತಿರೋದು ಅವ್ರ ಮಾತಾ, ಪುಸ್ತಕನಾ?”

“ಪುಸ್ತಕ. ಇವರ ಮಾತು ಅರ್ಥವೇ ಆಗ್ತಿಲ್ಲ.”

ನನ್ನ ಕಣ್ಣಮುಂದೆ ಪರದೆ ಹೋಗಿ ಕೊತ್ತಂಬರಿ ಕಟ್ಟುಗಳು ಬಂದವು. ತಾತ ಪರದೆ ನೋಡುತ್ತಲೇ ಗೊಣಗಿದರು:

“ಲೋಕನೇ ಸುಟ್ಟೋಗೈತೆ, ಆವಮ್ಮನ ಗೌನಿನ ಇಸ್ತ್ರಿ ಕೆಟ್ಟಿಲ್ಲ. ಪುಸ್ತಕದಲ್ಲೂ ಹಿಂಗೇನಾ?”

“ಇಲ್ಲ. ಗೋಣಿತಾಟು ಹೊಲ್ಕೊಂಡು ಉಟ್ಟಿರ್ತಾಳೆ.”

ಅಷ್ಟರಲ್ಲಿ ಮೇಷ್ಟರೂ ಹೊಲಿಗೆಯವಳೂ ತಗಡಿನ ಡಬ್ಬ ಒಡೆದು ಊಟಕ್ಕೆ ಕೂತರು. ತಾತನಿಗೆ ತಡೆಯಲಾಗಲಿಲ್ಲ.

“ಡಬ್ಬ ಮುಗಿದ್ಮೇಲೆ ಏನ್ ತಿಂತಾರೆ?”

“ಪುಸ್ತಕದಲ್ಲಿ ಡಬ್ಬವೇ ಇಲ್ಲ ತಾತ. ಒಂದು ಮಡಿಲು ಬಿತ್ತನೆ ಆಲೂಗಡ್ಡೆ ಸಿಗತ್ತೆ. ಎಷ್ಟು ಹಸಿದ್ರೂ ತಿನ್ನಲ್ಲ. ಒಂದೊಂದು ಮೊಳಕೆಯ ಕಣ್ಣು ಉಳಿಯೋ ಹಾಗೆ ಹೋಳು ಮಾಡಿ, ಬೂದಿ ಹಚ್ಚಿ ನೆಡ್ತಾರೆ.”

“ಬೂದಿ ಹಚ್ಚಿ?”

“ಹೂಂ. ಒಂದು ಪುಟ ಪೂರಾ ಅದೇ.”

ತಾತ ತೊಡೆ ತಟ್ಟಿದರು. “ಬರ್ದೋನು ತೋಟದೋನೇ ಕಣವ್ವ! ಈ ಸಿನಿಮಾದೋನಿಗೆ ಏನ್ ಗೊತ್ತು ಮಣ್ಣು?”

ಹಿಂದಿನಿಂದ ಜಟಕಾ ಹೊಡೆಯುವ ಸಾಬರೊಬ್ಬರು ನನ್ನ ಭುಜ ತಟ್ಟಿದರು. “ಬೇಬಿ, ಆಲೂ ಕಿದರ್ ಹೈ?”

ಆಲೂ ಬರಲೇ ಇಲ್ಲ. ಸಿನಿಮಾ ಮದುವೆಯಲ್ಲಿ ಮುಗಿಯಿತು. ಮದುವೆ ಮಾಡಿಸಿದ ಆ ಪಾದ್ರಿ ಎಲ್ಲಿ ಬದುಕಿ ಉಳಿದಿದ್ದನೋ!

ವಾಪಸು ಬರುವಾಗ ಕೆರೆಯ ಹತ್ತಿರ ತಾತ ಕೇಳಿದರು, “ಅಂಥ ಪುಸ್ತಕ ಸ್ಕೂಲಲ್ಲಿ ಇನ್ನೂ ಅವೆಯಾ?”

“ಬೀರು ತುಂಬಾ ಇವೆ.”

“ಹಂಗಾದ್ರೆ ಸೋಮವಾರ ಇನ್ನೊಂದು ತಾ.”

ಈಗ ಆ ಟಾಕೀಸೂ ಇಲ್ಲ, ತೋಟವೂ ಇಲ್ಲ. ಟರ್ನಿಪ್ಪಿನ ಪಾತಿಗಳ ಮೇಲೆ ಮನೆಗಳು ಎದ್ದಿವೆ. ನನ್ನ ಮೊಮ್ಮಕ್ಕಳು ಮನೆಯಲ್ಲೇ ಸಿನಿಮಾ ನೋಡುತ್ತಾರೆ, ನೋಡಿದ್ದನ್ನು ಯಾರಿಗೂ ಹೇಳುವುದಿಲ್ಲ. ತಾತ ಹಾಗಿರಲಿಲ್ಲ. ಅವತ್ತು ಸಂಜೆಯೇ ಜಗಲಿಯ ಮೇಲೆ ಕೂತು, ಪಕ್ಕದ ಮನೆಯ ಕಣ್ಣಮ್ಮನಿಗೆ ತಾವು ಕಂಡ ಸಿನಿಮಾವನ್ನು ವರ್ಣಿಸಿದರು: ಮುರಿದ ಕಾಲು, ಗೋಣಿತಾಟು, ಬೂದಿ, ಮಣ್ಣು ಸೀಳಿ ಬಂದ ಮೊಳಕೆ. ಮದುವೆಯ ಸುದ್ದಿಯನ್ನೇ ಎತ್ತಲಿಲ್ಲ. ಕಣ್ಣಮ್ಮ ಅಕ್ಕಿಯಲ್ಲಿನ ಕಲ್ಲು ಆರಿಸುತ್ತಾ, ತಲೆ ಎತ್ತದೆ ಹೇಳಿದರು:

“ನಾಳೆ ನಾನೂ ಹೋಗ್ತೀನಿ. ಆ ಆಲೂಗಡ್ಡೆ ಮೊಳಕೆ ಬರೋದು ನೋಡ್ಬೇಕು.”