ಹಾಡಿನ ಬದಲು ಒಂದು ಪುಟ

ಜಪಾನಿನ ಕಾವಾಸಾಕಿಯ ಆ ದಿನಗಳೆಂದರೆ ನನಗೆ ಮೊದಲು ನೆನಪಾಗುವುದು ರೈಲು ಹೋದಾಗಲೆಲ್ಲ ಗಲಗಲ ಎನ್ನುತ್ತಿದ್ದ ನಮ್ಮ ಅಡುಗೆಮನೆಯ ಲೋಟಗಳು. ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಫುಕುವೋಕಾದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಅವಳು ಬೇಸಿಗೆ ರಜೆಗೆ ಬಂದರೆ ನನಗೆ ಹಬ್ಬ. ಆ ವರ್ಷ ಒಂದು ಹಳೆಯ ಇಂಗ್ಲಿಷ್ ಕಾದಂಬರಿ ತಂದಿದ್ದಳು. ಮನೆ ತುಂಬ ಹೆಣ್ಣುಮಕ್ಕಳು, ಗಂಡು ಹುಡುಕುವುದೇ ಉಸಿರಾದ ತಾಯಿ, ಊರಿಗೆ ಬಂದ ಸಿರಿವಂತ. ಬೀದಿ ಮೂಲೆಯ ಕೊಂಬಿನಿ ಅಂಗಡಿಯಿಂದ ತಂದ ಐಸ್‌ಕ್ಯಾಂಡಿ ಚೀಪುತ್ತಾ ನಾನು ಅವಳು ಓದುವುದನ್ನು ಕೇಳುತ್ತಿದ್ದೆ. ‘ನಿಮ್ಮ ಮನೆತನ ನಮಗೆ ಸಮವಲ್ಲ, ಆದರೂ ನಿನ್ನನ್ನು ಮದುವೆಯಾಗುತ್ತೇನೆ’ ಎಂದು ಆ ಸಿರಿವಂತ ಮನೆಯ ಹುಡುಗಿಯರಲ್ಲಿ ಒಬ್ಬಳಿಗೆ ಹೇಳುವ ಹೊತ್ತಿಗೆ ಚಿಕ್ಕಮ್ಮ ಪುಸ್ತಕ ಮುಚ್ಚಿಬಿಟ್ಟಳು.

“ಆಮೇಲೆ? ಶೀ ಸೆಡ್ ಯೆಸ್?”

“ನಾಳೆ ಕಣೇ.”

ಮರುದಿನ ಚಿಕ್ಕಮ್ಮನನ್ನೇ ನೋಡಲು ಗಂಡಿನ ಕಡೆಯವರು ಬಂದರು. ಹುಡುಗ ನನ್ನ ಅಪ್ಪನ ಆಫೀಸಿನಲ್ಲೇ ಅಪ್ಪನಿಗಿಂತ ದೊಡ್ಡ ಹುದ್ದೆಯಲ್ಲಿದ್ದ. ಅವನ ತಾಯಿ ಬೆಂಗಳೂರಿನಿಂದ ಬಂದಿದ್ದರು. ಬೆಳಗಿನಿಂದ ಅಪ್ಪ ಕೂತಲ್ಲಿ ಕೂರಲಿಲ್ಲ, ಬಾಗಿಲ ಬಳಿಯ ಚಪ್ಪಲಿಗಳನ್ನು ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದರು. ಮನೆಯೆಲ್ಲ ತುಪ್ಪದ ಘಮ. ಚಿಕ್ಕಮ್ಮ ಹೂಂ ಅಂದರೆ ಅವಳ ಓದೂ ಮುಗಿಯಿತು, ನನ್ನ ಕಥೆಯೂ ಮುಗಿಯಿತು.

ಹುಡುಗನ ತಾಯಿ ಕೇಸರಿಬಾತಿನಲ್ಲಿ ಚಮಚ ಆಡಿಸುತ್ತಾ ಹೇಳಿದರು: “ನಮ್ ಲೆವೆಲ್ಲೇ ಬೇರೆ. ಆದ್ರೂ ಹುಡುಗಿ ಲಕ್ಷಣವಾಗಿದಾಳೆ, ಅಡ್ಜಸ್ಟ್ ಮಾಡ್ಕೋತೀವಿ. ಈ ಪಿಎಚ್.ಡಿ. ಎಲ್ಲ ಬಿಟ್ಬಿಡ್ಲಿ. ಎಲ್ಲಿ, ಒಂದ್ ಹಾಡು ಹೇಳಮ್ಮ.”

“ಹಾಡು ಬರಲ್ಲ ಆಂಟಿ. ಓದ್ತೀನಿ.”

ಚಿಕ್ಕಮ್ಮ ಕಾದಂಬರಿ ತಂದು, ನಿನ್ನೆ ನಿಲ್ಲಿಸಿದ ಕಡೆಯಿಂದ ಓದಿದಳು. ಆ ಹುಡುಗಿ ಸಿರಿವಂತನಿಗೆ ಬೇಡ ಅನ್ನುತ್ತಾಳೆ. ಯಾಕೆ ಬೇಡ ಎಂಬುದನ್ನೂ ಮುಖಕ್ಕೆ ಹೊಡೆದಂತೆ ಹೇಳುತ್ತಾಳೆ. ಆ ಹಳೆಯ ಇಂಗ್ಲಿಷ್ ತಲೆಗೆ ಹತ್ತದ ಹುಡುಗನ ತಾಯಿ, “ಎಷ್ಟ್ ಚೆನ್ನಾಗಿ ಓದ್ತಾಳೆ!” ಎಂದು ತಲೆದೂಗಿದರು. ಹುಡುಗನ ಕಿವಿ ಕೆಂಪಾಗಿತ್ತು.

“ಅಮ್ಮಾ, ಹೊರಡೋಣ” ಎಂದು ಎದ್ದ. ಅಪ್ಪ ಅಭ್ಯಾಸಬಲದಿಂದ ಸೊಂಟ ಬಗ್ಗಿಸಿ “ಸುಮಿಮಾಸೆನ್, ಸುಮಿಮಾಸೆನ್” ಎಂದು ಜಪಾನಿಯಲ್ಲೇ ಕ್ಷಮೆ ಕೇಳುತ್ತಾ ಬಾಗಿಲವರೆಗೆ ಹೋದರು.

ಅಮ್ಮ ಅತ್ತಳು. ನಾನು ಕುಣಿದೆ. ಉಳಿದ ಕೇಸರಿಬಾತನ್ನು ನಾನೂ ಚಿಕ್ಕಮ್ಮನೂ ಬಾಣಲೆಯಿಂದಲೇ ತಿಂದೆವು.

“ಭಯ ಆಗ್ಲಿಲ್ವಾ ನಿಂಗೆ?”

“ಕೈ ನಡುಗ್ತಿತ್ತು ಕಣೇ. ಸದ್ಯ, ಹಿಡ್ಕೊಳ್ಳೋಕೆ ಪುಸ್ತಕ ಇತ್ತು.”

ಚಿಕ್ಕಮ್ಮ ಓದು ಮುಗಿಸಿ ಫುಕುವೋಕಾದಲ್ಲೇ ನೆಲೆಸಿದಳು. ಈಗ ನನಗೆ ಗಂಡು ಹುಡುಕುತ್ತಿದ್ದಾರೆ. ಸಂಬಳ, ಮನೆತನ, ಎತ್ತರ ಎಲ್ಲವೂ ಫೋನಿಗೇ ಬರುತ್ತವೆ. ಬೇಡವೆನಿಸಿದರೆ ರೈಲಿನಲ್ಲಿ ನಿಂತಲ್ಲೇ ಹೆಬ್ಬೆರಳಿನಿಂದ ಸರಿಸುತ್ತೇನೆ. ಅವರೂ ನನ್ನನ್ನು ಹಾಗೆಯೇ ಸರಿಸುತ್ತಾರೆ. ಹಾಡು ಹೇಳು ಅನ್ನುವವರಿಲ್ಲ, ಒಳ್ಳೆಯದೇ ಆಯಿತು. ಆದರೂ ಆ ಮಧ್ಯಾಹ್ನ ನೆನಪಾದರೆ ಹೊಟ್ಟೆಕಿಚ್ಚಾಗುತ್ತದೆ. ಈಗ ಬೇಡ ಅನ್ನುವಾಗ ಯಾರ ಕೈಯೂ ನಡುಗುವುದಿಲ್ಲ, ಯಾರ ಕಿವಿಯೂ ಕೆಂಪಾಗುವುದಿಲ್ಲ.