ಉಪ್ಪಿನ ಬಿಲ್ಲೆಗಳು

ಹಳೇ ಮಾಲನ್ನು ತೊಳೆಯದೆ ಗಿರಾಕಿಗೆ ತೋರಿಸಬಾರದು. ಧೂಳಿದ್ದರೆ ಅರ್ಧ ಬೆಲೆ, ಹೊಳೆದರೆ ನಾವು ಹೇಳಿದ್ದೇ ಬೆಲೆ. ಗುಜರಿಯಿಂದ ಮೇಲೆ ಬಂದ ನಾನು ಈ ಬುದ್ಧಿಯನ್ನು ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೇನೆ. ಅದರಿಂದ ಒಬ್ಬರ ಓದು ನಿಂತದ್ದನ್ನು ಮಾತ್ರ ಹೇಳಿರಲಿಲ್ಲ.

ತೊಂಬತ್ತರ ದಶಕದ ಕೊನೆ. ನಂಜನಗೂಡಿನ ಕಾರ್ಖಾನೆಗಳ ಲ್ಯಾಬಿನವರು ಬೇಡವೆಂದ ಉಪಕರಣಗಳನ್ನು ಕೊಂಡು ಕಾಲೇಜುಗಳಿಗೆ ಮಾರುತ್ತಿದ್ದೆ. ಒಮ್ಮೆ ಅಂಥ ಒಂದು ಕಾರ್ಖಾನೆಯಲ್ಲಿ ಹಳೆಯ ಇನ್‌ಫ್ರಾರೆಡ್ ಯಂತ್ರವೊಂದು ಸಿಕ್ಕಿತು. ಕಣ್ಣಿಗೆ ಕಾಣದ ಬೆಳಕನ್ನು ವಸ್ತುವಿನೊಳಗೆ ಹಾಯಿಸಿದರೆ ಅದರ ಅಣುಗಳು ಒಂದಿಷ್ಟನ್ನು ಹೀರಿಕೊಳ್ಳುತ್ತವೆ. ಯಾವ ಬೆಳಕನ್ನು, ಎಷ್ಟು ಹೀರಿದವು ಎಂಬುದನ್ನು ಯಂತ್ರದ ಪೆನ್ನು ಕಾಗದದ ಮೇಲೆ ಗೆರೆ ಎಳೆದು ತೋರಿಸುತ್ತದೆ. ಗಾಜು ಆ ಬೆಳಕನ್ನು ತಡೆಯುವುದರಿಂದ ವಸ್ತುವನ್ನು ಗಾಜಿನಂತೆಯೇ ಕಾಣುವ ಉಪ್ಪಿನ ಎರಡು ಬಿಲ್ಲೆಗಳ ನಡುವೆ ಇಡಬೇಕು.

“ಬಿಲ್ಲೆಗೆ ನೀರು ಗೀರು ಮುಟ್ಟಿಸ್ಬುಟ್ಟೀರಿ ಸಾವ್ಕಾರ್ರೇ, ಆಳಾಗೋಯ್ತವೆ,” ಎಂದ ಆ ಕಾರ್ಖಾನೆಯ ಲ್ಯಾಬ್ ಸಹಾಯಕ, ಹೆಡತಲೆ ಊರಿನ ಕಡೆಯವನು.

“ಉಪ್ಪಲ್ಲಿ ಯಾರ್ಲಾ ಮಿಷಿನ್ ಮಾಡ್ತಾರೆ? ರೇಟ್ ಏರ್ಸಕ್ಕೆ ಏನೋ ಒಂದು ಯೋಳ್ತೀಯ,” ಎಂದು ನಕ್ಕೆ.

ಮನೆಗೆ ತಂದು ಬಿಲ್ಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಒರೆಸುವಾಗ ಫಳಫಳ. ಒಣಗಿದ ಮೇಲೆ ಮಜ್ಜಿಗೆ ಸವರಿದ ಹಾಗೆ. ಹಾಗೇ ಡಬ್ಬಿಗೆ ಹಾಕಿ ತಿ. ನರಸೀಪುರದ ಕಾಲೇಜಿಗೆ ತಲುಪಿಸಿದೆ.

ಅಲ್ಲಿನ ರಸಾಯನಶಾಸ್ತ್ರದ ಮೇಡಂ ಕಡಲೆಕಾಯಿ ಎಣ್ಣೆಯ ಕಲಬೆರಕೆಯನ್ನು ಈ ಗೆರೆಗಳಿಂದ ಹಿಡಿಯಲು ಹೊರಟಿದ್ದರು. ಅದೇ ಅವರ ಡಾಕ್ಟರೇಟ್ ವಿಷಯ. ಪ್ರಬಂಧ ಒಪ್ಪಿಸಲು ಒಂದೇ ವರ್ಷ ಉಳಿದಿತ್ತು. ಎರಡು ವಾರ ಬಿಟ್ಟು ಹೋದಾಗ ಡಬ್ಬಿ ತೆರೆದು ಮಂಕಾದ ಬಿಲ್ಲೆಗಳನ್ನು ತೋರಿಸಿದರು; ಗೆರೆ ಸರಿಯಾಗಿ ಮೂಡುತ್ತಿರಲಿಲ್ಲ.

“ನಂದೇ ತಪ್ಪು ಕಣ್ರೀ. ಹೊಳೆ ಪಕ್ಕದ ರೂಮು, ತೇವ ಎಳ್ಕೊಂಡಿದೆ. ಹೊಸ ಬಿಲ್ಲೆ ತರಿಸ್ಲಾ ಅಂತ ನೋಡ್ತಿದೀನಿ.”

ಹೊಸವು ಅದೇ ರೂಮಿನಲ್ಲಿ ಚೆನ್ನಾಗಿ ಉಳಿದುಬಿಟ್ಟರೆ ನನ್ನ ಒದ್ದೆ ಬಟ್ಟೆ ಬಯಲಾಗುತ್ತದೆ.

“ಯಾಕೆ ಸುಮ್ನೆ ಮೇಡಂ? ಈ ರೂಮಲ್ಲಿ ಯಾವ ಬಿಲ್ಲೆನೂ ತಡೆಯಲ್ಲ,” ಎಂದು ಸಲಹೆ ಕೊಟ್ಟೆ.

ನಂಬಿದರು. ಯಂತ್ರ ಬೀರುವಿನ ಹಿಂದಕ್ಕೆ ಹೋಯಿತು. ಪ್ರಬಂಧ ಒಪ್ಪಿಸದೆಯೇ ಅವರ ಡಾಕ್ಟರೇಟಿನ ಅವಧಿ ಮುಗಿದುಹೋಯಿತು.

ಏಳೆಂಟು ವರ್ಷದ ಮೇಲೆ, ನಂಜನಗೂಡಿನ ಅದೇ ಕಾರ್ಖಾನೆಗೆ ಅವರು ವಿದ್ಯಾರ್ಥಿಗಳನ್ನು ಕರೆತಂದಿದ್ದರು. ಹಳೇ ಮಾಲು ನೋಡಲು ಹೋಗಿದ್ದ ನಾನೂ ಲ್ಯಾಬಿನಲ್ಲಿದ್ದೆ. ಹೊಸ ಯಂತ್ರದಲ್ಲಿ ಬಿಲ್ಲೆಗಳೇ ಇಲ್ಲ. ಸಾಸಿವೆಯಷ್ಟು ವಜ್ರದ ಮೇಲೆ ಸಹಾಯಕ ಒಂದು ಹನಿ ಎಣ್ಣೆ ಬಿಟ್ಟ. ಕಂಪ್ಯೂಟರಿನಲ್ಲಿ ಗೆರೆ ಮೂಡಿತು. ಆಮೇಲೆ ವಜ್ರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟ; ಅದಕ್ಕೇನೂ ಆಗಲಿಲ್ಲ.

ಅದನ್ನು ನೋಡಿ ತಡೆಯಲಾಗಲಿಲ್ಲ. ಮೇಡಂ ಪಕ್ಕಕ್ಕೆ ಹೋಗಿ ಹೇಳಿದೆ: “ಅವತ್ತಿನ ಬಿಲ್ಲೆ ನಿಮ್ಮ ರೂಮಿನ ತೇವಕ್ಕೆ ಹೋಗ್ಲಿಲ್ಲ ಮೇಡಂ. ನಾನೇ ಒದ್ದೆ ಬಟ್ಟೇಲಿ ಒರೆಸಿ ತೊಳ್ದಿದ್ದೆ.”

ಅವರು ಕಂಪ್ಯೂಟರಿನಿಂದ ಕಣ್ಣು ತೆಗೆದು ಕೇಳಿದರು.

“ತೊಳ್ದಿದ್ದು ಗೊತ್ತಿಲ್ದೆ ಅಂತ ಇಟ್ಕೊಳೋಣ. ಹೊಸದು ತರಿಸ್ಬೇಡಿ ಅಂದ್ರಲ್ಲ, ಅದು?”

ಅವರು ಮಕ್ಕಳ ಕಡೆ ತಿರುಗಿ, ಎಣ್ಣೆಯ ಕಲಬೆರಕೆ ಆ ಗೆರೆಯಲ್ಲಿ ಎಲ್ಲಿ ಕಾಣುತ್ತದೆಂದು ಬೆರಳಿಟ್ಟು ತೋರಿಸತೊಡಗಿದರು.